ಆಲೆಮನೆಯಲ್ಲಿ ಪಾಸಾಗುವ ಕ್ಯಾಮೆರಾ: ವಿಡಿಯೊಗೆಂದು ಮಿರರ್‌ಲೆಸ್ ಆರಿಸಿಕೊಂಡ ಬಗೆ

ಮಂಡ್ಯ ಸುತ್ತಿನ ಬೇಸಾಯ, ಅಡುಗೆ, ಕಸುಬುಗಳನ್ನು ವಿಡಿಯೊ ಮಾಡುವವರಿಗೆ ಅತಿ ಕಷ್ಟದ ಜಾಗ ಆಲೆಮನೆ. ಒಳಗೆ ಕತ್ತಲು. ಒಲೆಯ ಬಾಯಲ್ಲಿ ಕಬ್ಬಿನ ರಚ್ಚು ಉರಿಯುವ ಕೆಂಪು ಬೆಳಕು, ಕೊಪ್ಪರಿಗೆಯಿಂದ ಏಳುವ ಹಬೆ, ತಲೆಯ ಮೇಲೆ ಒಂದೋ ಎರಡೋ ಎಲ್‌ಇಡಿ ಟ್ಯೂಬು, ತೆರೆದ ಬದಿಯಿಂದ ನುಗ್ಗುವ ಬಿಸಿಲು, ಇಷ್ಟರ ಮೇಲೆ ಗಾಣದ ಗದ್ದಲ. ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಆರಿಸುವಾಗ ನಾನು ಅಳತೆಗೋಲು ಮಾಡಿಕೊಂಡಿದ್ದು ಈ ಒಂದೇ ಜಾಗವನ್ನು. ಇಲ್ಲಿ ಪಾಸಾದದ್ದು ಮೈಸೂರಿನ ಛತ್ರದ ಮದುವೆಯಲ್ಲೂ, ದೇವರಾಜ ಮಾರುಕಟ್ಟೆಯ ನೆರಳು-ಬಿಸಿಲಿನ ಓಣಿಯಲ್ಲೂ ಪಾಸಾಗುತ್ತದೆ. ನಿಮ್ಮ ಕೆಲಸ ಬೇರೆಯಾಗಿದ್ದರೆ ನಿಮ್ಮ ಆಲೆಮನೆ ಯಾವುದು ಅನ್ನುವುದನ್ನು ಮೊದಲು ಬರೆದಿಟ್ಟುಕೊಳ್ಳಿ. ಜಾಹೀರಾತಿನ ಪಟ್ಟಿ ಓದುವುದು ಆಮೇಲಿನ ಕೆಲಸ.

ದುಡ್ಡಿನ ಮಾತು. ದರ ಹಬ್ಬಕ್ಕೊಮ್ಮೆ ಬದಲಾಗುವುದರಿಂದ ಪಾಲಿನ ಲೆಕ್ಕವನ್ನಷ್ಟೇ ಹೇಳುತ್ತೇನೆ. ಕೈಯಲ್ಲಿರುವ ನೂರು ರೂಪಾಯಿಯಲ್ಲಿ ಕ್ಯಾಮೆರಾದ ಪಾಲು 50 ದಾಟಬಾರದು. 25 ಲೆನ್ಸಿಗೆ, 13 ಧ್ವನಿಗೆ, ಉಳಿದ 12 ಕಾರ್ಡು, ಬ್ಯಾಟರಿ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರಿಗೆ. ಟ್ರೈಪಾಡ್ ಇಲ್ಲದವರು ಅದಕ್ಕೂ ಕ್ಯಾಮೆರಾದ ಪಾಲಿನಿಂದಲೇ ತೆಗೆಯಬೇಕು. ಕ್ಯಾಮೆರಾ ಒಂದಕ್ಕೇ 85 ಸುರಿದು ಅದರೊಳಗಿನ ಮೈಕಿನಲ್ಲೇ ಧ್ವನಿ ಹಿಡಿದ ವಿಡಿಯೊವನ್ನು ಜನ ಎರಡು ನಿಮಿಷವೂ ನೋಡುವುದಿಲ್ಲ. ಈ ಪಾಲು ಒಪ್ಪಿಕೊಂಡರೆ ಬಹಳಷ್ಟು ಮಾದರಿಗಳು ತಾವಾಗಿಯೇ ಪಟ್ಟಿಯಿಂದ ಬೀಳುತ್ತವೆ, ಸೆಕೆಂಡ್ ಹ್ಯಾಂಡ್ ಬೇಕೇ ಬೇಡವೇ ಎನ್ನುವುದೂ ತೀರ್ಮಾನವಾಗುತ್ತದೆ.

ಕಡೆಯ ಸುತ್ತಿಗೆ ಉಳಿದವು ಮೂರು: ಸೋನಿ ಜಡ್‌ವಿ-ಇ10, ಕ್ಯಾನನ್ ಆರ್50, ನಿಕಾನ್ ಜಡ್30. ಮೂರರಲ್ಲೂ ಮಡಚಿ ತಿರುಗಿಸುವ ಪರದೆ ಇದೆ, ಹೊರಗಿನ ಮೈಕಿಗೆ ಜ್ಯಾಕ್ ಇದೆ, ಮುಖ ಹಿಡಿಯುವ ಫೋಕಸ್ ನಂಬಬಹುದಾದಷ್ಟಿದೆ. ಸೆನ್ಸರ್ ಅಲುಗಾಡಿಸಿ ಕೈನಡುಕ ತಡೆಯುವ ವ್ಯವಸ್ಥೆ ಮೂರರಲ್ಲೂ ಇಲ್ಲ. ಅದು ಬೇಕೇ ಬೇಕು ಅನ್ನುವವರು ಸೆಕೆಂಡ್ ಹ್ಯಾಂಡಿನಲ್ಲಿ ಪ್ಯಾನಸೋನಿಕ್ ಜಿ85 ಅಥವಾ ಫ್ಯೂಜಿಫಿಲ್ಮ್ ಎಕ್ಸ್-ಎಸ್10 ನೋಡಬಹುದು. ಆದರೆ ಜಿ85ರ ಫೋಕಸ್ ಕಾಂಟ್ರಾಸ್ಟ್ ನೋಡಿ ಹಿಂದೆ ಮುಂದೆ ತಡಕುವ ಬಗೆಯದು. ಹಬೆಯ ಮುಂದೆ ಅದು ಉಸಿರಾಡುತ್ತಲೇ ಇರುತ್ತದೆ, ಚಿತ್ರ ನಿಲ್ಲುವುದಿಲ್ಲ.

ಹಳೆಯ ಕ್ಯಾನನ್ ಎಂ50 ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಸೆಕೆಂಡ್ ಹ್ಯಾಂಡಿನಲ್ಲಿ ಕಡಿಮೆಗೆ ಸಿಗುತ್ತದೆ. ಪೆಟ್ಟಿಗೆಯ ಮೇಲೆ 4ಕೆ ಎಂದಿದೆ, ನಿಜ. ಆದರೆ 4ಕೆಗೆ ಹಾಕಿದರೆ ಚಿತ್ರ ಮತ್ತೆ 1.56 ಪಟ್ಟು ಕತ್ತರಿಸಿಕೊಳ್ಳುತ್ತದೆ. ಜೊತೆಗಿರುವ 15 ಮಿ.ಮೀ. ಲೆನ್ಸ್ 15 × 1.6 × 1.56, ಅಂದರೆ ದೊಡ್ಡ ಫುಲ್‌ಫ್ರೇಮ್ ಸೆನ್ಸರಿನಲ್ಲಿ ಸುಮಾರು 37 ಮಿ.ಮೀ. ಕಂಡಷ್ಟೇ ಕಾಣುತ್ತದೆ (1.6 ಎನ್ನುವುದು ಈ ಸಣ್ಣ ಸೆನ್ಸರಿನ ಪಟ್ಟು; ಮಿ.ಮೀ. ಹೆಚ್ಚಿದಷ್ಟೂ ನೋಟ ಕಿರಿದು). ಗೋಡೆಗೆ ಬೆನ್ನು ಒತ್ತಿ ನಿಂತರೂ ಕೊಪ್ಪರಿಗೆ ಪೂರ್ತಿ ಚೌಕಟ್ಟಿಗೆ ಬರುವುದಿಲ್ಲ. ಆ ಕ್ಯಾಮೆರಾದ ಒಳ್ಳೆಯ ಫೋಕಸ್ ಕೂಡ 4ಕೆಯಲ್ಲಿ ಕೆಲಸ ಮಾಡುವುದಿಲ್ಲ. 1080ರಲ್ಲೇ ಕೆಲಸ ಮುಗಿಯುತ್ತದೆ ಅನ್ನುವವರಿಗೆ ಮಾತ್ರ ಅದು ಸರಿ.

ಈ ಕತ್ತರಿಯ (ಕ್ರಾಪ್) ಲೆಕ್ಕವನ್ನು ಪ್ರತಿ ಕ್ಯಾಮೆರಾಕ್ಕೂ ಹಾಕಿ. ಆರ್50 ಮತ್ತು ಜಡ್30 ಎರಡೂ 4ಕೆಯಲ್ಲಿ ಸೆಕೆಂಡಿಗೆ 30 ಫ್ರೇಮಿನವರೆಗೆ ಸೆನ್ಸರಿನ ಪೂರ್ತಿ ಅಗಲ ಬಳಸುತ್ತವೆ. ಜಡ್‌ವಿ-ಇ10 ಮಾತ್ರ 30 ಫ್ರೇಮಿಗೆ 1.23 ಪಟ್ಟು ಕತ್ತರಿಸುತ್ತದೆ, 25ಕ್ಕೆ ಇಳಿಸಿದರೆ ಪೂರ್ತಿ ಅಗಲ ಕೊಡುತ್ತದೆ. ಅದರ ‘ಆ್ಯಕ್ಟಿವ್’ ಸ್ಥಿರತೆ ಹಾಕಿದರೆ 1.44 ಪಟ್ಟು ಕತ್ತರಿ ಬೀಳುತ್ತದೆ. 16 ಮಿ.ಮೀ. ಲೆನ್ಸ್ 24ರಂತೆ ಕಾಣುತ್ತಿದ್ದದ್ದು 35ರಂತೆ ಕಾಣತೊಡಗುತ್ತದೆ. ಕೈ ಚಾಚಿ ತನ್ನನ್ನೇ ಹಿಡಿದುಕೊಂಡು ಮಾತಾಡುವವರಿಗೆ ಆಗ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ.

25 ಫ್ರೇಮ್ ಎಂದೆನಲ್ಲ, ಅದು ನಮ್ಮ ಊರಿಗೆ ಬೇರೆ ಕಾರಣಕ್ಕೂ ಸರಿ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಸೆನ್ಸರಿಗೆ ಕಾಣುತ್ತದೆ. ಶಟರ್, ಅಂದರೆ ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು, 1/50 ಸೆಕೆಂಡ್ ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಗುತ್ತವೆ, 1/100 ಇಟ್ಟರೆ ಒಂದು. 1/60 ಇಟ್ಟರೆ ಒಂದೂಮುಕ್ಕಾಲಿಗೆ ಹತ್ತಿರ, ಅಂದರೆ ಅರೆಬರೆ. ಆಗ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಕಾಣುತ್ತವೆ. ಎಡಿಟಿಂಗಿನಲ್ಲಿ ಇದನ್ನು ತೆಗೆಯಲು ಹೋದರೆ ಚಿತ್ರವೇ ಹಾಳು. ನಿಧಾನಗತಿಗೂ ಇದೇ ನಿಯಮ: 120 ಫ್ರೇಮಿಗೆ ಶಟರ್ 1/120ಕ್ಕಿಂತ ನಿಧಾನವಾಗಲಾರದು, ಪಟ್ಟಿ ತಪ್ಪದು. 100 ಫ್ರೇಮ್, 1/100 ಶಟರ್ ಆದರೆ ಚೊಕ್ಕ. ಹಾಗಾಗಿ ಮೆನುವಿನಲ್ಲಿ ಮೊದಲು 25, 50, 100 ಫ್ರೇಮುಗಳ ಪಾಲ್ (PAL) ವ್ಯವಸ್ಥೆಗೆ ಬದಲಿಸಿ. ಸೋನಿಯಲ್ಲಿ ಹೀಗೆ ಬದಲಿಸಿದಾಗ ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡು ಎನ್ನುತ್ತದೆ, ಅದಕ್ಕೆ ಮೊದಲು ಕಾರ್ಡಿನಲ್ಲಿರುವುದನ್ನು ಇಳಿಸಿಕೊಳ್ಳಿ. ಹೊರದೇಶದಿಂದ ಬಂದ ಕ್ಯಾಮೆರಾ ಆದರೆ ಪಾಲ್ ಆಯ್ಕೆ ಇದೆಯೇ, ಮೆನು ಇಂಗ್ಲಿಷಿಗೆ ತಿರುಗುತ್ತದೆಯೇ ಎಂದು ಅಂಗಡಿಯಲ್ಲೇ ತೆಗೆದು ನೋಡಿ. ಜಪಾನಿನ ಒಳಮಾರುಕಟ್ಟೆಯ ಸೋನಿಯಲ್ಲಿ ಜಪಾನಿ ಭಾಷೆ ಒಂದೇ ಇರುತ್ತದೆ.

ಛತ್ರದ ಎಲ್‌ಇಡಿ ಪರದೆ, ಡಿಮ್ಮರ್ ಹಾಕಿದ ಅಲಂಕಾರದ ದೀಪಗಳು ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅವುಗಳ ಮಿಣುಕು ಕರೆಂಟಿನ ತಾಳಕ್ಕೆ ಸೇರಿದ್ದಲ್ಲ, ಅವುಗಳೊಳಗಿನ ಡ್ರೈವರ್ ಸರ್ಕ್ಯೂಟಿನದು. ಅಲ್ಲಿ ಶಟರನ್ನು ಒಂದೊಂದೇ ಮೆಟ್ಟಿಲು ಬದಲಿಸಿ ಪಟ್ಟಿ ನಿಲ್ಲುವ ಜಾಗ ಹುಡುಕಬೇಕು.

ನಾನು ಕಡೆಗೆ ತೆಗೆದುಕೊಂಡದ್ದು ಜಡ್‌ವಿ-ಇ10. ಮೂರರಲ್ಲಿ ಹೆಡ್‌ಫೋನ್ ಜ್ಯಾಕ್ ಇರುವುದು ಅದರಲ್ಲೊಂದೇ. ಗಾಣದ ಪಕ್ಕದಲ್ಲಿ ಮಾತು ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ಎಂದು ಕೇಳಿಸಿಕೊಳ್ಳದೆ ರೆಕಾರ್ಡ್ ಮಾಡುವುದು ನನಗೆ ಆಗದ ಮಾತು. ಎರಡನೆಯದು, ಸೋನಿ ಇ ಮೌಂಟಿಗೆ (ಲೆನ್ಸ್ ಕೂರುವ ಬಾಯಿ) ಸೆಕೆಂಡ್ ಹ್ಯಾಂಡ್ ಲೆನ್ಸ್ ಧಾರಾಳವಾಗಿ ಸಿಗುತ್ತವೆ. ಅದರ ದೋಷವೂ ಕಣ್ಣಿಗೆ ಹೊಡೆಯುವಂಥದ್ದೇ. 4ಕೆಯಲ್ಲಿ ಸೆನ್ಸರ್ ಸಾಲು ಸಾಲಾಗಿ ಓದುವುದು ನಿಧಾನ, ಹಾಗಾಗಿ ಕ್ಯಾಮೆರಾ ಬೇಗ ತಿರುಗಿಸಿದರೆ ನೆಟ್ಟಗಿನ ಕಂಬ ವಾಲುತ್ತದೆ. ಓಡುವ ಬಸ್ಸಿನ ಕಿಟಕಿಯಿಂದ ತೆಗೆದರೆ ಮರಗಳೆಲ್ಲ ಓರೆ. ಬಣ್ಣ 8 ಬಿಟ್ ಮಾತ್ರ, ಅಂದರೆ ಬಣ್ಣದ ಮೆಟ್ಟಿಲುಗಳು ಕಡಿಮೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಮಧ್ಯಾಹ್ನ ಗದ್ದೆಯಲ್ಲಿ ಪರದೆ ಕಾಣುವುದು ಕಷ್ಟ. ವ್ಯೂಫೈಂಡರ್ ಬೇಕಾದವರು ಆರ್50 ತೆಗೆದುಕೊಳ್ಳಲಿ, 4ಕೆ ಚಿತ್ರದ ಚೂಪಿನಲ್ಲಿ ಅದೇನೂ ಕಡಿಮೆಯಿಲ್ಲ.

2024ರಲ್ಲಿ ಬಂದ ಜಡ್‌ವಿ-ಇ10ರ ಎರಡನೆಯ ಆವೃತ್ತಿಯಲ್ಲಿ 10 ಬಿಟ್ ಇದೆ, ದೊಡ್ಡ ಬ್ಯಾಟರಿ ಇದೆ. ಆದರೆ ಬಿಗಿಯಾಗಿ ಕುಗ್ಗಿಸಿದ ಆ 10 ಬಿಟ್ ಫೈಲನ್ನು (4:2:2 ಎಚ್.265) ಹಳೆಯ ಲ್ಯಾಪ್‌ಟಾಪ್ ಓಡಿಸುವುದಿಲ್ಲ. ಕ್ಯಾಮೆರಾದ ಹಿಂದೆಯೇ ಕಂಪ್ಯೂಟರಿನ ಖರ್ಚು ಬರುತ್ತದೆ, ಇಲ್ಲವೇ ಪ್ರತಿ ಫೈಲಿಗೂ ಎಡಿಟಿಂಗಿಗೆಂದು ಹಗುರ ನಕಲು (ಪ್ರಾಕ್ಸಿ) ಮಾಡಿಕೊಂಡು ಕೂರಬೇಕು.

ಕೊಳ್ಳುವ ಮೊದಲು ಒಂದು ದಿನದ ಬಾಡಿಗೆಗೆ ತಂದು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ನಾನು ಇಟ್ಟ ಪರೀಕ್ಷೆ ನಾಲ್ಕು. ಹಬೆಯ ಹಿಂದೆ ಒಬ್ಬರು ಪಾಕ ತಿರುವುತ್ತಿರುವಾಗ ಐದು ನಿಮಿಷ ಬಿಡದೆ ರೆಕಾರ್ಡ್ ಮಾಡಿ, ಫೋಕಸ್ ಮುಖ ಬಿಟ್ಟು ಹಬೆಗೆ ಎಷ್ಟು ಸಲ ಹಾರಿತು ಎಂದು ಎಣಿಸುವುದು. ಟ್ಯೂಬ್‌ಲೈಟಿನ ಕೆಳಗೆ ಐಎಸ್‌ಒ (ಬೆಳಕನ್ನು ಹಿಗ್ಗಿಸುವ ಮಟ್ಟ) 1600, 3200, 6400 ಇಟ್ಟು ಕಪ್ಪು ಗೋಡೆಯಲ್ಲಿ ಎಷ್ಟು ಕಾಳುಕಾಳು ಚುಕ್ಕೆ ಏಳುತ್ತವೆ ಎಂದು ನೋಡುವುದು. ಇದನ್ನು ಕ್ಯಾಮೆರಾದ ಪರದೆಯಲ್ಲಿ ನೋಡಿ ಒಪ್ಪಬೇಡಿ, ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿ. ಬಿಸಿಲಿನಲ್ಲಿ 4ಕೆ 30 ನಿಮಿಷ ಓಡಿಸಿ ಬಿಸಿಯಾಗಿ ನಿಲ್ಲುತ್ತದೆಯೇ ಎಂದು ಕಾಯುವುದು. ಕಡೆಯದು, ಫೈಲನ್ನು ನಿಮ್ಮದೇ ಲ್ಯಾಪ್‌ಟಾಪಿಗೆ ಹಾಕಿ ಎಡಿಟಿಂಗಿನಲ್ಲಿ ಹಿಂದೆ ಮುಂದೆ ಎಳೆದು ನೋಡುವುದು.

ಸೆಕೆಂಡ್ ಹ್ಯಾಂಡ್ ಕ್ಯಾಮೆರಾವನ್ನು ಅಂಗಡಿಯೊಳಗಿನ ಬೆಳಕಿನಲ್ಲಿ ಒಪ್ಪಬಾರದು, ಬಾಗಿಲಾಚೆ ಬನ್ನಿ. ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿ (ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಬರಿ ಆಕಾಶದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಒಂದೇ ಜಾಗದಲ್ಲಿ ನಿಲ್ಲುವ ಮಬ್ಬು ಚುಕ್ಕೆ ಧೂಳು, ಅದು ಹೋಗುತ್ತದೆ. ಗೆರೆ ಕಂಡರೆ ಸೆನ್ಸರ್ ಗೀಚಿದೆ, ಕೈಬಿಡಿ. ಮುಚ್ಚಳ ಹಾಕಿ ಐಎಸ್‌ಒ ಏರಿಸಿ ಒಂದು ನಿಮಿಷ ವಿಡಿಯೊ ಮಾಡಿದರೆ ಕೆಟ್ಟ (ಹಾಟ್) ಪಿಕ್ಸೆಲ್ ಕೆಂಪು, ನೀಲಿ ಚುಕ್ಕೆಯಾಗಿ ಕಾಣುತ್ತದೆ. ಪರದೆಯನ್ನು ಹತ್ತು ಸಲ ತೆರೆದು ತಿರುಗಿಸಿ. ಯಾವುದೋ ಒಂದು ಕೋನದಲ್ಲಿ ಮಿಣುಕಿದರೆ ಒಳಗಿನ ರಿಬ್ಬನ್ ತಂತಿ ಸವೆದಿದೆ ಎಂದರ್ಥ. ಮೈಕ್ ಜ್ಯಾಕಿಗೆ ತಂತಿ ಚುಚ್ಚಿ ಅಲ್ಲಾಡಿಸುತ್ತ ಹೆಡ್‌ಫೋನಿನಲ್ಲಿ ಕೇಳಿ. ವಿಡಿಯೊಗೆ ದುಡಿದ ಕ್ಯಾಮೆರಾದಲ್ಲಿ ಶಟರ್ ಎಣಿಕೆ ಕಡಿಮೆ ಇರುವುದು ಸಹಜ, ಅದೊಂದನ್ನೇ ನೋಡಿ ಹೊಸತರಂತಿದೆ ಎನ್ನಬೇಡಿ. ಮೊದಲು ಸವೆಯುವುದು ಜ್ಯಾಕು, ಪರದೆಯ ಕೀಲು, ಬ್ಯಾಟರಿ. ಲೆನ್ಸಿನ ಒಳಗೆ ಮೊಬೈಲ್ ಟಾರ್ಚು ಬಿಟ್ಟು ಹಿಂದಿನಿಂದ ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಲೆನ್ಸಿನ ಮಾತಿಗೆ ಬಂದರೆ, ಜೊತೆಗೆ ಬರುವ 16-50 ಮಿ.ಮೀ. ಹೊರಾಂಗಣಕ್ಕೆ ಸಾಕು. ಆಲೆಮನೆಯೊಳಗೆ ಸಾಲದು. ಅಗಲದ ಕೊನೆಯಲ್ಲೂ ಅದು ಎಫ್ 3.5ಕ್ಕಿಂತ ತೆರೆಯುವುದಿಲ್ಲ. ಸಿಗ್ಮಾ 16 ಮಿ.ಮೀ. ಎಫ್ 1.4 ಅದಕ್ಕಿಂತ ಎರಡೂವರೆ ಸ್ಟಾಪಿಗೂ ಹೆಚ್ಚು ಬೆಳಕು ತರುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಐಎಸ್‌ಒ 6400 ಬೇಕಿದ್ದ ಜಾಗದಲ್ಲಿ ಸಾವಿರದ ಆಸುಪಾಸು ಸಾಕಾಗುತ್ತದೆ. ಕ್ಯಾಮೆರಾದ ಬ್ರ್ಯಾಂಡ್ ಬದಲಿಸಿದರೂ ಇಷ್ಟು ವ್ಯತ್ಯಾಸ ಸಿಗುವುದಿಲ್ಲ. ಆ ಲೆನ್ಸಿನಲ್ಲಿ ಸ್ಥಿರತೆ ಇಲ್ಲ, ಅದಕ್ಕೆ ಮೊನೊಪಾಡ್ ಬೇಕು.

ಬಿಸಿಲಿನಲ್ಲಿ ಸಮಸ್ಯೆ ಉಲ್ಟಾ. ನೆತ್ತಿ ಬಿಸಿಲಿಗೆ ಐಎಸ್‌ಒ 100ರಲ್ಲಿ 1/100 ಶಟರಿಗೆ ಎಫ್ 16 ಸರಿಯಾದ ಬೆಳಕು. 1/50ಕ್ಕೆ ಇಳಿಸಿ ಎಫ್ 2.8ಕ್ಕೆ ತೆರೆದರೆ ಆರು ಸ್ಟಾಪ್ ಹೆಚ್ಚು ಬೆಳಕು ಒಳಗೆ ಬರುತ್ತದೆ. ಅಷ್ಟನ್ನೂ ತಡೆಯಲು ಎನ್‌ಡಿ 64 ಬೇಕು. ಫಿಲ್ಟರನ್ನು 67 ಮಿ.ಮೀ. ಅಳತೆಯಲ್ಲಿ ಒಂದೇ ತೆಗೆದುಕೊಂಡು ಸಣ್ಣ ಲೆನ್ಸುಗಳಿಗೆ ಸ್ಟೆಪ್-ಅಪ್ ಉಂಗುರ ಹಾಕಿ. ತಿರುಗಿಸುವ ವೇರಿಯಬಲ್ ಎನ್‌ಡಿ ಅನುಕೂಲವೇನೋ ಹೌದು, ಆದರೆ ಅಗಲ ಲೆನ್ಸಿನಲ್ಲಿ ಕೊನೆಯವರೆಗೆ ತಿರುಗಿಸಿದರೆ ಆಕಾಶದಲ್ಲಿ ಕಪ್ಪು ಗುಣಾಕಾರ ಗುರುತು ಬೀಳುತ್ತದೆ.

ಧ್ವನಿಗೆ ಕಾಲರ್ ಮೈಕು, ಗಲ್ಲದಿಂದ ಒಂದು ಗೇಣು ಕೆಳಗೆ. ಗದ್ದಲದ ಜಾಗದಲ್ಲಿ ಎಷ್ಟೇ ಒಳ್ಳೆಯ ಮೈಕನ್ನೂ ಕ್ಯಾಮೆರಾದ ತಲೆಯ ಮೇಲೆ ಇಟ್ಟರೆ ಗಾಣವೇ ಮೊದಲು ಕೇಳುತ್ತದೆ. ವೈರ್‌ಲೆಸ್ ರಿಸೀವರಿನಿಂದ ಕ್ಯಾಮೆರಾಕ್ಕೆ ಹೋಗುವ ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇರಬೇಕು. ಮೂರು ಗೆರೆಯದು ಮೊಬೈಲಿಗೆ, ಅದನ್ನು ಚುಚ್ಚಿದರೆ ಧ್ವನಿ ಬರದು ಅಥವಾ ಕೆಟ್ಟು ಬರುತ್ತದೆ. ರಿಸೀವರಿನ ಧ್ವನಿ ಏರಿಸಿ, ಕ್ಯಾಮೆರಾದ ಮಟ್ಟವನ್ನು ಕೈಯಾರೆ ಇಳಿಸಿ. ಕ್ಯಾಮೆರಾದ ಒಳಗೆ ಹಿಗ್ಗಿಸಿದಷ್ಟೂ ‘ಸ್ಸ್’ ಸದ್ದು ಹೆಚ್ಚು. ಜೋರು ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ.

ಕಾರ್ಡಿನ ಲೆಕ್ಕ ಸರಳ. 100 ಮೆಗಾಬಿಟ್ ದರದಲ್ಲಿ ಗಂಟೆಗೆ 45 ಜಿಬಿ, 64 ಜಿಬಿ ಕಾರ್ಡಿನಲ್ಲಿ ಸುಮಾರು 80 ನಿಮಿಷ. ವಿ30 ಗುರುತಿನ ಕಾರ್ಡು ಸಾಕು. ಜಡ್‌ವಿ-ಇ10ರ ಸ್ಲಾಟು ಯುಎಚ್‌ಎಸ್-1 ವೇಗದ್ದು, ದುಬಾರಿ ಯುಎಚ್‌ಎಸ್-2 ಕಾರ್ಡಿನ ದುಡ್ಡು ದಂಡ. ಹೊಸ ಕಾರ್ಡನ್ನು ಮೊದಲ ದಿನವೇ ಪೂರ್ತಿ ತುಂಬಿ ಮತ್ತೆ ಓದಿ ನೋಡಿ, ನಕಲಿ ಕಾರ್ಡು ಅರ್ಧದಲ್ಲೇ ಬಯಲಾಗುತ್ತದೆ. ಬ್ಯಾಟರಿ 1020 ಎಂಎಎಚ್ ಅಷ್ಟೇ, 4ಕೆಯಲ್ಲಿ ಒಂದು ಗಂಟೆಯ ಆಸುಪಾಸು. ಮೂರು ಇಟ್ಟುಕೊಳ್ಳಿ, ದೀರ್ಘ ಸಂದರ್ಶನಕ್ಕೆ ಯುಎಸ್‌ಬಿ-ಸಿಗೆ ಪವರ್ ಬ್ಯಾಂಕ್ ಜೋಡಿಸಿ. ಬಿಸಿಯಾದಾಗ ತಾನಾಗಿ ಆರುವ ಮಿತಿಯನ್ನು ಮೆನುವಿನಲ್ಲಿ ‘ಹೈ’ಗೆ ಏರಿಸಿ, ಪರದೆಯನ್ನು ಮೈಯಿಂದ ದೂರ ತೆರೆದಿಡಿ. ಏಪ್ರಿಲ್ ಬಿಸಿಲಿನಲ್ಲಿ ಮೇಲೊಂದು ಬಿಳಿ ಟವೆಲ್ ಹೊದಿಸಿದರೂ ವ್ಯತ್ಯಾಸ ತಿಳಿಯುತ್ತದೆ.

ಆಲೆಮನೆಗೆ ನನ್ನ ಸೆಟ್ಟಿಂಗ್ ಹೀಗೆ: 4ಕೆ 25, ಶಟರ್ 1/50, ಎಫ್ 2, ಐಎಸ್‌ಒ ಕೈಯಾರೆ. ಬಣ್ಣದ ಹದವಾದ ವೈಟ್ ಬ್ಯಾಲೆನ್ಸ್ 4300 ಕೆಲ್ವಿನ್‌ಗೆ ಕಟ್ಟಿಹಾಕಿದ್ದು. ಆಟೊಗೆ ಬಿಟ್ಟರೆ ಒಲೆ ಭುಗಿಲೆಂದಾಗಲೆಲ್ಲ ಮುಖದ ಬಣ್ಣ ಬದಲಾಗುತ್ತದೆ, 8 ಬಿಟ್ ಫೈಲಿನಲ್ಲಿ ಅದನ್ನು ಆಮೇಲೆ ಸರಿಪಡಿಸಲು ಜಾಗವಿಲ್ಲ. ಅದೇ ಕಾರಣಕ್ಕೆ, ಆಮೇಲೆ ಬಣ್ಣ ಹಚ್ಚಲೆಂದು ಚಿತ್ರವನ್ನು ಪೇಲವವಾಗಿ ಹಿಡಿಯುವ ಎಸ್-ಲಾಗ್ ಕೂಡ ಬೇಡ, ಹಬೆಯ ನಯವಾದ ಬೂದು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಮೆನುವಿನ ಸಿನಿ 1 ಗಾಮಾ (ನೆರಳು-ಬೆಳಕಿನ ಹದ) ಸಾಕು. ಬೆಳಕು ಇಟ್ಟ ಮಟ್ಟ ಮುಟ್ಟಿದಲ್ಲಿ ಪರದೆಯ ಮೇಲೆ ಗೆರೆ ತೋರಿಸುವ ಜೀಬ್ರಾವನ್ನು ಮುಖಕ್ಕೆ 70 ಇಡಬೇಕು ಎನ್ನುವುದು ಬಿಳಿ ಮೈಬಣ್ಣದ ಲೆಕ್ಕ, ನಮ್ಮ ಕಡೆಯ ಮೈಬಣ್ಣಕ್ಕೆ 55-60 ಇಡಿ. ಫೋಕಸ್ ವಸ್ತುವಿನಿಂದ ವಸ್ತುವಿಗೆ ಹಾರುವ ಸೂಕ್ಷ್ಮತೆಯನ್ನು 1ಕ್ಕೋ 2ಕ್ಕೋ ಇಳಿಸಿದರೆ ಹಬೆ ಅಡ್ಡ ಬಂದರೂ ಮುಖ ಬಿಡುವುದಿಲ್ಲ. ಕೊಪ್ಪರಿಗೆಯ ಹತ್ತಿರದ ಶಾಟಿಗೆ ಮಾತ್ರ ಕೈಯಾರೆ ಫೋಕಸ್.

ಎಸಿ ಕಾರಿನಿಂದ ಇಳಿದ ತಕ್ಷಣ ಬ್ಯಾಗು ತೆರೆಯಬೇಡಿ. ಮುಚ್ಚಿದಂತೆಯೇ 20 ನಿಮಿಷ ಹೊರಗಿಟ್ಟರೆ ಗಾಜಿನ ಮೇಲೆ ನೀರು ಕೂರುವುದಿಲ್ಲ. ಕೆಲಸ ಮುಗಿದಾಗ ಫಿಲ್ಟರಿನ ಮೇಲೆ ಅಂಟುವ ತೆಳು ಪದರ ಸಕ್ಕರೆಯದು. ಲೆನ್ಸ್ ಕ್ಲೀನರ್ ಎಂದು ಮಾರುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಸಕ್ಕರೆ ಕರಗದು, ಉಜ್ಜಿದಷ್ಟೂ ಹರಡುತ್ತದೆ. ಮೊದಲು ಬ್ಲೋಯರ್‌ನಿಂದ ಬೂದಿ ಊದಿ, ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ, ಆಮೇಲೆ ಆಲ್ಕೊಹಾಲು ಮುಟ್ಟಿಸಿ. ಆ ರಾತ್ರಿ ಕ್ಯಾಮೆರಾ, ಲೆನ್ಸ್ ಎರಡನ್ನೂ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ.