ಎಂಟು ಡಬ್ಬಿ, ಒಂದು ಹ್ಯಾಂಗರ್, ಇಪ್ಪತ್ತೆಂಟು ಕಾಫಿ ಬೀಜ

ಎಂಟನೇ ಕ್ಲಾಸಿಗೆ ಮರ್ಜ್ ಸಾರ್ಟ್ (ಸಾಲನ್ನು ತುಂಡು ಮಾಡಿ, ಜೋಡಿಸಿದ ತುಂಡುಗಳನ್ನು ಕೂಡಿಸುತ್ತಾ ಕ್ರಮಕ್ಕೆ ತರೋ ಕಂಪ್ಯೂಟರ್ ವಿಧಾನ) ಅರ್ಥ ಆಗಲ್ಲ, ಅದೂ ಲ್ಯಾಬ್ ಇಲ್ಲದೆ ಸಾಧ್ಯವೇ ಇಲ್ಲ ಅಂದವರೇ ಹೆಚ್ಚು. ಜುಲೈ ಮಳೆಯಲ್ಲಿ ಮಡಿಕೇರಿ ಕಡೆ ಕರೆಂಟ್ ನಂಬಿ ಪಾಠ ಮಾಡೋದುಂಟೇ? ಕಂಪ್ಯೂಟರನ್ನೇ ಬಿಟ್ಟೆ. ಈಗ ಮಕ್ಕಳು ಮರ್ಜ್‌ನ ಲೆಕ್ಕ ಬಾಯಲ್ಲೇ ಹೇಳ್ತಾರೆ.

ನಂಬರ್ ಕಾರ್ಡ್ ಪೂರ್ತಿ ದಂಡ. 8 ಕಾರ್ಡ್ ಕಣ್ಣೆದುರಿದ್ದರೆ ಒಂದೇ ನೋಟಕ್ಕೆ ಜೋಡಿಸಿಬಿಡ್ತಾರೆ. ಎತ್ತರದ ಸಾಲೂ ಅಷ್ಟೇ. ಒಂದು ಸಲಕ್ಕೆ ಎರಡನ್ನಷ್ಟೇ ಹೋಲಿಸೋ ಕಂಪ್ಯೂಟರಿನ ಕುರುಡುತನ ಮಕ್ಕಳಿಗೂ ಬರಬೇಕು.

ಅದಕ್ಕೇ ಒಳಗಿರೋದು ಕಾಣದ ಬಿಳಿ ಮಾತ್ರೆ ಡಬ್ಬಿ, 20ರಿಂದ 55 ಗ್ರಾಂವರೆಗೆ, ಐದೈದು ಗ್ರಾಂ ಅಂತರ. ಎರಡು ಗ್ರಾಂ ಅಂತರ ಇಟ್ಟಾಗ, ತಕ್ಕಡಿ ಅಂತ ಮೊಳೆಗೆ ನೇತುಹಾಕಿದ ಬಟ್ಟೆ ಹ್ಯಾಂಗರ್ ಕಚ್ಚಿಕೊಂಡು ಸುಳ್ಳು ಹೇಳ್ತು. ಮೊದಲು ತುಂಬಿದ್ದು ಕಾಫಿ ಬೀಜ. ಮಳೆಗಾಲದ ತೇವ ಹೀರಿ ಸೋಮವಾರದ ಸಾಲು ಶುಕ್ರವಾರಕ್ಕೆ ತಪ್ಪಿತು. ಒಣಗಿಸಿದ ಮರಳೇ ಸರಿ, ಮೇಲೆ ಹತ್ತಿ ತುರುಕಬೇಕು, ಇಲ್ಲದಿದ್ರೆ ಅಲ್ಲಾಡಿಸಿ ಸದ್ದಿನಲ್ಲೇ ಪತ್ತೆ ಹಚ್ತಾರೆ. ಹ್ಯಾಂಗರ್‌ನ ಎರಡು ತುದಿಗೆ ತೆಂಗಿನ ಚಿಪ್ಪು. ಒಂದು ಸೆಟ್ಟಿಗೆ ನೂರು ರೂಪಾಯಿ ಒಳಗೇ ಮುಗೀತು. ಅದಕ್ಕೂ ಮುಂಚೆ ಪ್ಲಾಸ್ಟಿಕ್ ತಕ್ಕಡಿಗೆ ಸಾವಿರದ ಇನ್ನೂರೋ ಏನೋ ಸುರಿದದ್ದು ನೀರಿಗೆ ಹೋಯ್ತು.

ಒಂದು ತೂಕಕ್ಕೆ ಒಂದು ಕಾಫಿ ಬೀಜ ಲೋಟಕ್ಕೆ ಬೀಳಬೇಕು. ಇದೇ ಇಡೀ ಪಾಠ. ಸೆಲೆಕ್ಷನ್‌ಗೆ (ಪ್ರತಿ ಸುತ್ತಿನಲ್ಲೂ ಉಳಿದವುಗಳಲ್ಲಿ ಅತಿ ಹಗುರದ್ದನ್ನು ಹುಡುಕಿ ಮುಂದಿಡೋದು) ಯಾವಾಗಲೂ 28. ಬಬಲ್‌ಗೆ (ಪಕ್ಕಪಕ್ಕದ ಎರಡನ್ನು ತೂಗಿ, ತಪ್ಪಿದ್ದರೆ ಅದಲುಬದಲು ಮಾಡೋದು) ಹೆಚ್ಚೆಂದರೆ 28. ಮೊದಲೇ ಜೋಡಿಸಿದ್ದರೆ, ಅದಲುಬದಲಿಲ್ಲದ ಸುತ್ತಿಗೆ ನಿಲ್ಲಿಸುವ ನಿಯಮ ಹಾಕಿದಾಗ, 7. ಮರ್ಜ್‌ಗೆ ಮೂರು ಸುತ್ತಿನ 4, 6, 7 ಸೇರಿ 17ರ ಮೇಲೆ ಹೋಗಲ್ಲ. ಅಲ್ಲಿ ಎಡವೋದು ಒಂದೇ ಕಡೆ: ಎರಡು ಸಾಲು ಕೂಡಿಸುವಾಗ ಎಲ್ಲವನ್ನೂ ಎಲ್ಲದರ ಜೊತೆ ತೂಗೋಕೆ ಹೊರಡ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಓಣಿ ಎಳೆದು, ಮುಂದಿನ ಡಬ್ಬಿ ಮಾತ್ರ ತಕ್ಕಡಿಗೆ ಬರಬೇಕು ಅಂದರೆ ಸರಿಹೋಗುತ್ತೆ.

‘28ಕ್ಕೂ 17ಕ್ಕೂ ಏನು ಮಹಾ ವ್ಯತ್ಯಾಸ?’ ಅಂತ ಕೇಳೋರಿಗೆ ಎರಡು ಸೆಟ್ ಸೇರಿಸಿ 16 ಡಬ್ಬಿ ಕೊಡಿ (ಎರಡನೇ ಸೆಟ್ಟಿನ ಪ್ರತಿ ಡಬ್ಬಿಗೂ ಎರಡೂವರೆ ಗ್ರಾಂ ಜಾಸ್ತಿ ಇರಲಿ, ಮೊಳೆಗೆ ಎಣ್ಣೆ ಹಾಕಿ). ಸೆಲೆಕ್ಷನ್‌ಗೆ 120 ಬೀಜ, ಪೀರಿಯಡ್ಡೇ ಸಾಲಲ್ಲ. ಮರ್ಜ್‌ಗೆ ಹೆಚ್ಚೆಂದರೆ 49. ಕ್ವಿಕ್ ಸಾರ್ಟ್ (ಒಂದು ಡಬ್ಬಿಯನ್ನು ಪಿವಟ್ ಅಂತ ಆರಿಸಿ, ಉಳಿದವನ್ನು ಅದಕ್ಕಿಂತ ಹಗುರ, ಭಾರ ಅಂತ ಎರಡು ಪಾಲು ಮಾಡುತ್ತಾ ಹೋಗೋದು) ಹೊಗಳಿಕೊಂಡು ಬಂದ ತಂಡಕ್ಕೆ ಮೊದಲೇ ಜೋಡಿಸಿಟ್ಟ 8 ಡಬ್ಬಿ ಕೊಟ್ಟು, ಮೊದಲ ಡಬ್ಬಿಯನ್ನೇ ಪಿವಟ್ ಮಾಡಿಸಿ, ಮತ್ತೆ 28.

ತೋಟದ ಜರಡಿಯನ್ನೂ ಒಮ್ಮೆ ತರಿಸಿದೆ. ಬೀಜದ ಗಾತ್ರದ ದರ್ಜೆಗೆ ತಕ್ಕಂತೆ ಎಎ, ಎ, ಬಿ ಅಂತ ಒಂದರ ಕೆಳಗೊಂದು. ಬೀಜಕ್ಕೆ ಬೀಜ ಹೋಲಿಸದೆಯೇ ಎಲ್ಲವೂ ತಂತಮ್ಮ ಜಾಗಕ್ಕೆ. ಹೀಗೆ ಗುಂಪುಗುಂಪಾಗಿ ಹಂಚೋ ಬಕೆಟ್ ಸಾರ್ಟ್‌ಗೆ ಕೊಡಗಿನ ಮಕ್ಕಳಿಗೆ ಬೇರೆ ಉದಾಹರಣೆ ಬೇಡ.

ಸ್ಟೇಬಲ್ ಸಾರ್ಟ್‌ಗೆ (ಸಮ ಇರೋವು ಮೊದಲಿನ ಕ್ರಮದಲ್ಲೇ ಉಳಿಯೋದು) ಒಂದೇ ತೂಕದ ಎರಡು ಡಬ್ಬಿ, ಕೆಂಪು–ನೀಲಿ ಸ್ಟಿಕ್ಕರ್. ಹ್ಯಾಂಗರ್ ಅಲುಗದೆ ಸಮ ನಿಲ್ಲೋ ಹಾಗೆ ಮಾಡೋ ಉಪಾಯ ಮಾತ್ರ ಬರೆಯಲ್ಲ. ಎರಡು ಹ್ಯಾಂಗರ್ ಮುರಿದರೆ ನಿಮಗೂ ಹೊಳೆಯುತ್ತೆ.