ಟಗರನ್ನು ದೂರ ಕಟ್ಟಿದೆ, ಹಿಂಡೆಲ್ಲ ಒಟ್ಟಿಗೆ ಮರಿ ಹಾಕಿತು: ನನ್ನ ಅನುಭವ

"ಏನ್ ತಮ್ಮಾ, ಟಗರಿಗೆ ಸನ್ಯಾಸ ಕೊಟ್ಟೀಯೇನು?" ಅಂತ ಪಕ್ಕದ ಹಟ್ಟಿ ಕಾಕಾ ನಕ್ಕಿದ್ದರು. ಈ ಬೇಸಿಗೆ ಅವರೇ ತಮ್ಮ ಟಗರನ್ನು ನನ್ನ ಬೇವಿನ ಗಿಡಕ್ಕೆ ತಂದು ಕಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕುಷ್ಟಗಿ ಕಡೆ. ಬಳ್ಳಾರಿ ತಳಿಯ ಕುರಿ, ಸುಮಾರು 40. ಮೊದಲು ಟಗರು ವರ್ಷವಿಡೀ ಹಿಂಡಲ್ಲೇ ಇರುತ್ತಿತ್ತು, ಮರಿ ಯಾವಾಗೆಂದರೆ ಆವಾಗ. ಏಪ್ರಿಲ್‌ನಲ್ಲಿ ಈದ ಕುರಿಗೆ ಮೇವೂ ಇಲ್ಲ, ಕೆಚ್ಚಲಲ್ಲಿ ಹಾಲೂ ಇಲ್ಲ. ಒಂದೇ ಬೇಸಿಗೆಯಲ್ಲಿ 11 ಮರಿ ಹೋದವು.

ಆಮೇಲೆ 28 ಸಾವಿರ ಕೊಟ್ಟು ಹೊಸ ಟಗರು ತಂದು ಮೇ ತಿಂಗಳಲ್ಲಿ ಬಿಟ್ಟೆ. ಕುರಿಗಳ ಮೇಲೆ ಹಾರುತ್ತಿತ್ತು, ಆದರೆ ಗಬ್ಬ ನಿಲ್ಲದೆ ಕುರಿ 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತಿದ್ದವು. ಟಗರು ಸರಿಯಿಲ್ಲ ಅಂತ ಸಂತೆಯಲ್ಲಿ ಅರ್ಧ ಬೆಲೆಗೆ ಕೊಟ್ಟುಬಂದೆ. ತಪ್ಪು ಅದರದ್ದಲ್ಲ. ಬಿಸಿಲಲ್ಲಿ ಟಗರಿನ ಬೀಜ ಹೇಗೆ ಜೋತು ಬೀಳುತ್ತವೆ ನೋಡಿದ್ದೀರಲ್ವಾ, ಮೈಯ ಕಾವಿನಿಂದ ದೂರ ಇಡೋಕೆ ಅದು. ನಮ್ಮ ಮೇ ಬಿಸಿಲಿಗೆ ಅದೂ ಸಾಲದು, ಒಮ್ಮೆ ಕೆಟ್ಟರೆ ಹೊಸ ವೀರ್ಯ ತಯಾರಾಗೋಕೆ ಹತ್ತತ್ರ 50 ದಿನ ಬೇಕು.

ಮುಂದಿನ ವರ್ಷ ಎರಡು ಟಗರನ್ನು ಮೇ ಮೊದಲ ವಾರದಿಂದಲೇ ದೂರದ ಹೊಲದಲ್ಲಿ ಕಟ್ಟಿದೆ. ಕುರಿಗಳಿಗೆ ಅವುಗಳ ವಾಸನೆಯೂ ಬಡಿಯಬಾರದು, ದನಿಯೂ ಕೇಳಬಾರದು. ಮಧ್ಯಾಹ್ನ ಮೈಮೇಲೆ ಒದ್ದೆ ಗೋಣಿಚೀಲ, ತಿನ್ನೋಕೆ ನೆನೆಸಿದ ಹುರುಳಿ. ಜೂನ್ ಕೊನೆಗೆ ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ದಿನಕ್ಕೊಂದರಂತೆ ಬಿಟ್ಟೆ, ಎರಡೂ ಸೇರಿದರೆ ಗುದ್ದಾಟವೇ ಜಾಸ್ತಿ. ಹಾರಿದ ಕುರಿಗೆ ಬಣ್ಣ ಹತ್ತಿ ಗುರುತು ಸಿಗಲಿ ಅಂತ ಟಗರಿನ ಎದೆಗೆ ಕೆಮ್ಮಣ್ಣು, ಎಣ್ಣೆ ಕಲಸಿ ಬಳಿದಿದ್ದೆ.

ಹತ್ತು ದಿನ ಕಳೆದರೂ ಎರಡೇ ಕುರಿಯ ಬೆನ್ನಿಗೆ ಬಣ್ಣ. ಮನೆಯಲ್ಲಿ ಬೈಗುಳ. ಬಹಳ ದಿನ ದೂರವಿದ್ದ ಟಗರಿನ ವಾಸನೆ ತಟ್ಟನೆ ಬಡಿದರೆ ಕುರಿಯ ಒಳಗೆ ಅಂಡ ಬಿಟ್ಟಿರುತ್ತದೆ, ಆದರೆ ಮೊದಲ ಸಲ ಕುರಿ ಬೆದೆ ತೋರಿಸಲ್ಲ, ಇದು ನನಗೆ ಆಮೇಲೆ ತಿಳಿದದ್ದು. 18ನೇ ದಿನ ಬೆಳಿಗ್ಗೆ ಕುರಿ ಕೂಡುವ ದಡ್ಡಿಗೆ ಹೋದರೆ ಆರೇಳು ಕುರಿಯ ಹಿಂಭಾಗ ಕೆಂಪು! 25 ದಿನದ ಹೊತ್ತಿಗೆ ಹಿಂಡೇ ಕೆಂಪು.

ಡಿಸೆಂಬರ್‌ನಲ್ಲಿ 36 ಕುರಿ ಈದವು. ತೊಗರಿ ಕೊಯ್ದ ಹೊಲದಲ್ಲಿ ಮೇವಿತ್ತು, ಹಾಲಿತ್ತು. ಸತ್ತದ್ದು ಎರಡೇ ಮರಿ. ಎಲ್ಲ ಒಂದೇ ಅಳತೆ ಇದ್ದುದರಿಂದ ಮಾರ್ಚ್‌ನಲ್ಲಿ ವ್ಯಾಪಾರಿ ಹಟ್ಟಿಗೇ ಬಂದು ತಲೆಗೆ ಆರೂವರೆ ಸಾವಿರದಂತೆ ಒಯ್ದ.

ವಾಸನೆಯೇ ಸಾಕಾದರೆ ಟಗರು ಯಾಕೆ ಅಂತ ಹೋದ ವರ್ಷ ಅದರ ಉಣ್ಣೆಯನ್ನು ಚೀಲದಲ್ಲಿ ತುಂಬಿ ಸುಮ್ನೆ ದಡ್ಡಿಯಲ್ಲಿ ತೂಗುಹಾಕಿ ನೋಡಿದೆ. ಒಂದು ವಾರ ಮೂಸಿದವು. ಎಂಟನೇ ದಿನ ಚೀಲ ತಿಂದುಹಾಕಿದ್ದವು.