ಮೊದಲ ಬೋನ್ಸಾಯ್ ಕೊಳ್ಳುವ ಮುನ್ನ ನಿಮ್ಮ ಕಿಟಕಿಯನ್ನು ನೋಡಿ

ಮುಂಬೈಯ ಬೈಕುಲಾದ ರಾಣಿ ಬಾಗಿನಲ್ಲಿ ಚಳಿಗಾಲದ ಕೊನೆಗೆ ನಡೆಯುವ ಪುಷ್ಪ ಪ್ರದರ್ಶನದಲ್ಲಾಗಲಿ, ಪುಣೆಯ ಎಂಪ್ರೆಸ್ ಗಾರ್ಡನ್ನಿನ ಜನವರಿ ಪ್ರದರ್ಶನದಲ್ಲಾಗಲಿ ಬೋನ್ಸಾಯ್ ಮರಗಳ ಮುಂದೆ ನಿಂತವರು ಬೇಗ ಮುಂದಕ್ಕೆ ಹೋಗುವುದಿಲ್ಲ. ಅಂಥದ್ದೊಂದು ಮರ ನಮ್ಮ ಮನೆಯಲ್ಲೂ ಇರಲಿ ಎಂಬ ಆಸೆಯಿಂದ, ಹತ್ತಿರದ ನರ್ಸರಿಯಲ್ಲಿ ಮೊದಲು ಕಣ್ಣಿಗೆ ಬಿದ್ದ ಗಿಡವನ್ನು ತಂದು, ಅದು ಒಂದು ಮಳೆಗಾಲ ದಾಟುವಷ್ಟರಲ್ಲಿ ಸತ್ತುಹೋದಾಗ ತಮ್ಮ ಕೈಗುಣವೇ ಸರಿಯಿಲ್ಲವೆಂದು ಈ ಹವ್ಯಾಸವನ್ನೇ ಬಿಟ್ಟವರು ಮುಂಬೈಯ ನಮ್ಮವರಲ್ಲಿ ಅನೇಕರಿದ್ದಾರೆ. ಹೀಗಾಗುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಆಯ್ಕೆಯ ಕ್ರಮವೇ ಕಾರಣ. ಮೊದಲು ಮನೆಯನ್ನು ನೋಡಬೇಕು, ಆಮೇಲೆ ಮರದ ಜಾತಿಯನ್ನು ಗೊತ್ತುಮಾಡಿಕೊಳ್ಳಬೇಕು, ಆ ಜಾತಿಯ ಹತ್ತು ಗಿಡಗಳ ನಡುವೆ ಒಂದನ್ನು ಆರಿಸುವುದು ಕೊನೆಯ ಕೆಲಸ.

ಮೊದಲ ಹೆಜ್ಜೆ: ಬೆಳಕನ್ನು ಗಮನಿಸಿ

ಬೋನ್ಸಾಯ್ ಎಂಬುದು ಕುಬ್ಜ ತಳಿಯ ಗಿಡವಲ್ಲ. ಬೇರು ಮತ್ತು ಕೊಂಬೆಗಳನ್ನು ಕತ್ತರಿಸುತ್ತಾ ಚಿಕ್ಕ ಕುಂಡದಲ್ಲಿ ಹಿಡಿದಿಟ್ಟಿರುವ ಸಾಮಾನ್ಯ ಮರವೇ ಅದು, ಆದ್ದರಿಂದ ಬಯಲಿನ ಮರಕ್ಕೆ ಬೇಕಾದ ಬಿಸಿಲು ಅದಕ್ಕೂ ಬೇಕು. ಟೀಪಾಯಿಯ ಮೇಲೋ ಟಿವಿಯ ಪಕ್ಕದಲ್ಲೋ ಇಡುವ ಯೋಚನೆಯಿದ್ದರೆ ಬೋನ್ಸಾಯ್ ಕೊಳ್ಳದಿರುವುದೇ ಒಳ್ಳೆಯದು. ಅತಿಥಿಗಳು ಬಂದಾಗ ಒಂದೆರಡು ದಿನ ಒಳಗಿಟ್ಟರೆ ತೊಂದರೆಯಿಲ್ಲ, ಆದರೆ ಅದರ ವಾಸ ಬಾಲ್ಕನಿಯಲ್ಲಿ ಅಥವಾ ಕಿಟಕಿಯ ಗ್ರಿಲ್ಲಿನಲ್ಲಿಯೇ ಇರಬೇಕು.

ರಜೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಪ್ರತಿ ಗಂಟೆಗೊಮ್ಮೆ ಕುಂಡ ಇಡಬೇಕೆಂದಿರುವ ಜಾಗಕ್ಕೆ ಹೋಗಿ ಕೈಯನ್ನು ಅಡ್ಡ ಹಿಡಿದು ನೋಡಿ. ನೆರಳಿನ ಅಂಚು ಸ್ಪಷ್ಟವಾಗಿ ಕಂಡರೆ ಅದು ನೇರ ಬಿಸಿಲು, ಅಂಚು ಮಸುಕಾಗಿದ್ದರೆ ಬರಿಯ ಬೆಳಕು. ಸ್ಪಷ್ಟ ನೆರಳು ಎಷ್ಟು ಗಂಟೆ ಬಿತ್ತೆಂಬುದನ್ನು ಬರೆದಿಟ್ಟುಕೊಳ್ಳಿ. ಮೂರು ನಾಲ್ಕು ಗಂಟೆಯಾದರೂ ನೇರ ಬಿಸಿಲು ಸಿಗುವ ಮನೆಯವರು ನಿಶ್ಚಿಂತೆಯಿಂದ ಮುಂದುವರಿಯಬಹುದು.

ದಿಕ್ಕಿನ ವಿಷಯದಲ್ಲಿ ನಮ್ಮ ಊರಿನ ಸೂರ್ಯನನ್ನು ಸ್ವಲ್ಪ ಅರಿತಿರಬೇಕು. ಮುಂಬೈ ಉತ್ತರ ಅಕ್ಷಾಂಶ 19 ಡಿಗ್ರಿಯಲ್ಲಿ ಇರುವುದರಿಂದ, ಮೇ ತಿಂಗಳ ಮಧ್ಯದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನಡುನೆತ್ತಿಗಿಂತ ತುಸು ಉತ್ತರಕ್ಕೆ ವಾಲಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಆದ್ದರಿಂದ ಡಿಸೆಂಬರಿನಲ್ಲಿ ಬಿಸಿಲು ತುಂಬಿದ್ದ ದಕ್ಷಿಣದ ಬಾಲ್ಕನಿ ಜೂನಿನಲ್ಲಿ ಪೂರ್ತಿ ನೆರಳಾಗಬಹುದು. ಪೂರ್ವದ ಕಿಟಕಿ ಎಲ್ಲಕ್ಕಿಂತ ಸೌಮ್ಯ, ಹೊಸಬರಿಗೆ ಅದೇ ಉತ್ತಮ. ಪಶ್ಚಿಮದ ಕಿಟಕಿಗೆ ಏಪ್ರಿಲ್, ಮೇ ಮತ್ತು ಅಕ್ಟೋಬರ್ ಹೀಟಿನ ಮಧ್ಯಾಹ್ನಗಳು ಕಠಿಣವಾದುವು, ಮೇಲಾಗಿ ನೈಋತ್ಯದಿಂದ ಬೀಸುವ ಮುಂಗಾರಿನ ಮಳೆಯೂ ಅಲ್ಲಿಯೇ ಹೆಚ್ಚು ಹೊಡೆಯುತ್ತದೆ. ಎದುರಿನ ಕಟ್ಟಡ ತೀರ ಹತ್ತಿರವಿದ್ದರೆ ಈ ಲೆಕ್ಕಗಳೆಲ್ಲ ಬದಲಾಗುವುದರಿಂದ ಕೈಯ ನೆರಳನ್ನೇ ನಂಬಬೇಕು.

ಕುಂಡವನ್ನು ಯಾವ ಕಾರಣಕ್ಕೂ ಗ್ರಿಲ್ಲಿನ ಹೊರಗಿನ ಸಜ್ಜಾದ ಮೇಲೆ ಇಡಬೇಡಿ. ನೀರು ಹೀರಿದ ಮಣ್ಣು ಬಹಳ ಭಾರ, ಅದು ಗಾಳಿಗೆ ಉರುಳಿ ಕೆಳಗೆ ಹೋಗುವವರ ಮೇಲೆ ಬಿದ್ದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಎರಡನೆಯ ಹೆಜ್ಜೆ: ಮೇ ತಿಂಗಳಲ್ಲಿ ನೀರು ಹಾಕುವವರು ಯಾರು?

ನಮ್ಮವರಲ್ಲಿ ಬಹಳ ಮಂದಿ ಮಕ್ಕಳ ರಜೆ, ಮದುವೆ, ಜಾತ್ರೆ, ಕೋಲಗಳಿಗಾಗಿ ಊರಿಗೆ ಹೋಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಆಳವಿಲ್ಲದ ಕುಂಡದ ಮಣ್ಣು ಆ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತದೆ. ಬೆರಳುದ್ದದ ಪುಟ್ಟ ಬೋನ್ಸಾಯ್‌ಗಳು ನೋಡಲು ಮುದ್ದಾಗಿದ್ದರೂ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಕೇಳುತ್ತವೆ. ಆದ್ದರಿಂದ ಮೊದಲ ಮರ 25ರಿಂದ 40 ಸೆಂಟಿಮೀಟರ್ ಎತ್ತರದ್ದಾಗಿರಲಿ, ಕುಂಡ ಸ್ವಲ್ಪ ಆಳವಾಗಿಯೇ ಇರಲಿ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗುವ ಬಳಕೆಯಿದ್ದವರು ಆಲದ ಕುಲದ ಫೈಕಸ್ ಜಾತಿಯನ್ನು ಆರಿಸಬಹುದು. ಹದಿನೈದು ದಿನ ಮನೆ ಮುಚ್ಚಿಯೇ ಇರುತ್ತದೆ ಎನ್ನುವವರಿಗೆ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಜೇಡ್ ಗಿಡದ ಹೊರತು ಬೇರೆ ದಾರಿ ಕಡಿಮೆ.

ಮೂರನೆಯ ಹೆಜ್ಜೆ: ನಮ್ಮ ಹವೆಗೆ ಒಗ್ಗುವ ಜಾತಿ

ಹೊಸಬರು ಮೊದಲು ದೂರವಿಡಬೇಕಾದುದನ್ನು ಹೇಳಿಬಿಡುತ್ತೇನೆ. ಜುನಿಪರ್, ಪೈನ್, ಮೇಪಲ್ ಮರಗಳ ಬೋನ್ಸಾಯ್ ಚಿತ್ರಗಳು ಮನಸ್ಸನ್ನು ಸೆಳೆಯುತ್ತವೆ, ಕೆಲವು ನರ್ಸರಿಗಳಲ್ಲಿ ಜುನಿಪರ್ ಮಾರಾಟಕ್ಕೂ ಇರುತ್ತದೆ. ಅಂತಹ ಮರಗಳು ವರ್ಷದ ಕೆಲವು ತಿಂಗಳು ಕಡುಚಳಿಯಲ್ಲಿ ವಿಶ್ರಮಿಸಬೇಕು. ಜನವರಿಯ ರಾತ್ರಿಯ ಸರಾಸರಿ ಉಷ್ಣತೆಯೇ 17 ಡಿಗ್ರಿಯ ಆಸುಪಾಸಿನಲ್ಲಿರುವ ಮುಂಬೈಯಲ್ಲಿ ಆ ವಿಶ್ರಾಂತಿ ಅವಕ್ಕೆ ದೊರೆಯುವುದಿಲ್ಲ. ಜುನಿಪರಿನ ಇನ್ನೊಂದು ತೊಡಕೆಂದರೆ ಬೇರು ಸತ್ತ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ, ಹಾಗಾಗಿ ಅಂಗಡಿಯಲ್ಲಿ ನೋಡುತ್ತಿರುವುದು ಬದುಕಿರುವ ಗಿಡವೋ ಅಲ್ಲವೋ ಎಂಬುದು ಹೊಸಬರಿಗೆ ತಿಳಿಯದು.

ನನ್ನ ಮಟ್ಟಿಗೆ ಮುಂಬೈ ಮತ್ತು ಗೋವಾದ ಕರಾವಳಿಯವರಿಗೆ ಮೊದಲ ಮರವೆಂದರೆ ಫೈಕಸ್, ಅಂದರೆ ನಮ್ಮ ಆಲ, ಅರಳಿ, ಅತ್ತಿಗಳ ಕುಲ. ಅದರಲ್ಲಿಯೂ ಚಿಕ್ಕ ಎಲೆಯ ಫೈಕಸ್ ಮೈಕ್ರೋಕಾರ್ಪಾ ಮತ್ತು ನರ್ಸರಿಯವರು ಲಾಂಗ್ ಐಲ್ಯಾಂಡ್ ಎಂದು ಕರೆಯುವ ಬಗೆ ಎರಡೂ ಒಳ್ಳೆಯವು. ತಪ್ಪು ಕೊಂಬೆ ಕತ್ತರಿಸಿದರೂ ಮತ್ತೆ ಚಿಗುರುವ, ಒಂದು ದಿನ ನೀರು ಮರೆತರೂ ಕ್ಷಮಿಸುವ ಗುಣ ಇವುಗಳದ್ದು. ಸಾಲದ್ದಕ್ಕೆ ಒಳನಾಡಿನವರಿಗೆ ಸುಲಭವಾಗಿ ಸಿಗದ ಭಾಗ್ಯವೊಂದು ಕರಾವಳಿಯವರಿಗಿದೆ: ಮಳೆಗಾಲದ ತೇವದ ಗಾಳಿಯಲ್ಲಿ ಫೈಕಸ್ ಮರದ ಕೊಂಬೆಗಳಿಂದ ಬಿಳಲುಗಳು ತಾವಾಗಿಯೇ ಇಳಿಯುತ್ತವೆ. ಅವು ಮಣ್ಣು ಮುಟ್ಟಿ ದಪ್ಪವಾದಾಗ ಅಂಗೈಯಗಲದ ಕುಂಡದಲ್ಲಿ ಊರಿನ ಕಟ್ಟೆಯ ಆಲವನ್ನೇ ನೋಡಿದಂತಾಗುತ್ತದೆ. ಇದರ ಬಿಳಿಯ ಸೊನೆ ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ ಕತ್ತರಿಸಿದ ಬಳಿಕ ಕೈ ತೊಳೆದುಕೊಳ್ಳಿ.

ಕೊಬ್ಬಿದ ಗೆಡ್ಡೆಯಂತಹ ಬೇರುಗಳ ಮೇಲೆ ಎಲೆಯ ಗೊಂಚಲು ಇಟ್ಟಂತೆ ಕಾಣುವ ಜಿನ್ಸೆಂಗ್ ಫೈಕಸ್ ಎಲ್ಲೆಡೆ ಮಾರಾಟವಾಗುತ್ತದೆ. ಅದು ಗಟ್ಟಿ ಗಿಡವೇ, ಸಾಯುವುದು ಕಡಿಮೆ. ಆದರೆ ಅವುಗಳಲ್ಲಿ ಬಹುಪಾಲು ಕಸಿ ಮಾಡಿದವು, ಬುಡಕ್ಕೂ ತಲೆಗೂ ಹೊಂದಿಕೆಯಾಗುವಂತೆ ಮರದ ರೂಪ ತರುವುದು ಕಷ್ಟ. ಕಲಿಯುವ ಮನಸ್ಸಿನವರು ಅದರ ಬದಲು ಸಾಧಾರಣ ಕಾಂಡದ ಎಳೆಯ ಫೈಕಸ್ಸನ್ನೇ ಕೊಳ್ಳಲಿ.

ಜೇಡ್ ಎಂಬ ಹೆಸರಿನಲ್ಲಿ ಎರಡು ಬೇರೆ ಗಿಡಗಳಿವೆ. ಕಂದು-ಕೆಂಪು ಕಾಂಡ ಮತ್ತು ಚಿಕ್ಕ ದುಂಡೆಲೆಗಳ ಪೋರ್ಚುಲಕೇರಿಯಾ ಆಫ್ರಾ ಒಂದು, ದಪ್ಪ ದೊಡ್ಡ ಎಲೆಗಳ ಕ್ರಾಸುಲಾ ಇನ್ನೊಂದು. ಎರಡೂ ದಕ್ಷಿಣ ಆಫ್ರಿಕಾದ ಒಣ ನೆಲದವು, ಆದರೆ ಬೋನ್ಸಾಯ್‌ಗೆ ತಕ್ಕುದು ಮೊದಲನೆಯದು. ಎಲೆ ಕಾಂಡಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ಒಣಗಿದರೆ ತಾಳುತ್ತದೆ, ನೆನೆದರೆ ಕೊಳೆಯುತ್ತದೆ. ಮಳೆಗಾಲದಲ್ಲಿ 2000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮುಂಬೈಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಜೇಡ್ ಮೇಲೆ ಸೂರು ಇರಲೇಬೇಕು. ಮಳೆ ಅದರ ಮೂರನೆಯ ಒಂದು ಪಾಲಿನಷ್ಟೇ ಇರುವ ಪುಣೆಯಲ್ಲಿ ಇದೇ ಗಿಡ ಹೆಚ್ಚು ಸುಖವಾಗಿ ಬೆಳೆಯುತ್ತದೆ. ಬೋಗನ್‌ವಿಲ್ಲಾ ಕೂಡ ಪುಣೆಯ ಒಣ ಬಿಸಿಲಿಗೆ ಚೆನ್ನಾಗಿ ಹೂ ಬಿಡುತ್ತದೆ. ಕರಿಬೇವಿನ ಹತ್ತಿರದ ಸಂಬಂಧಿಯಾದ, ಸುಗಂಧದ ಬಿಳಿ ಹೂಗಳ ಕಾಮಿನಿಯನ್ನು ಎರಡನೆಯ ಮರವಾಗಿ ಇಟ್ಟುಕೊಳ್ಳಬಹುದು.

ಹಣ ಕೊಡದೆ ಸಿಗುವ ಮರಗಳೂ ಇವೆ. ಮುಂಬೈಯ ಹಳೆಯ ಕಟ್ಟಡಗಳ ಪೈಪು, ಗೋಡೆಯ ಬಿರುಕುಗಳಲ್ಲಿ ಹಕ್ಕಿಗಳು ಹಾಕಿದ ಬೀಜದಿಂದ ಹುಟ್ಟುವ ಅರಳಿ, ಆಲದ ಸಸಿಗಳನ್ನು ಸೊಸೈಟಿಯವರು ಹೇಗಿದ್ದರೂ ಕೀಳಿಸುತ್ತಾರೆ. ಮಳೆ ಹಿಡಿದ ಮೇಲೆ ಅವರ ಒಪ್ಪಿಗೆ ಪಡೆದು, ಕೈಗೆಟಕುವಲ್ಲಿ ಇರುವುದನ್ನು ಬೇರುಸಹಿತ ಬಿಡಿಸಿ ನೆಟ್ಟರೆ ಬಹುತೇಕ ಹಿಡಿಯುತ್ತವೆ. ಎಲೆ ದೊಡ್ಡದಾದ್ದರಿಂದ ಚಿಕ್ಕ ಮರದ ಅಳತೆಗೆ ತರಲು ಬಹಳ ವರ್ಷಗಳ ತಾಳ್ಮೆ ಬೇಕೆಂಬುದು ಮಾತ್ರ ನೆನಪಿರಲಿ.

ನಾಲ್ಕನೆಯ ಹೆಜ್ಜೆ: ನರ್ಸರಿಯಲ್ಲಿ ಬುಡದಿಂದ ಮೇಲಕ್ಕೆ ನೋಡಿ

ಎಲೆಯ ಹಸಿರಿಗೆ ಮನಸೋಲುವುದು ಸಹಜ. ಆದರೆ ಎಲೆ ತಿಂಗಳಲ್ಲಿ ಬದಲಾಗುತ್ತದೆ, ಕೊಂಬೆ ಒಂದೆರಡು ವರ್ಷದಲ್ಲಿ ಬದಲಾಗುತ್ತದೆ, ಬುಡ ಮತ್ತು ಕಾಂಡವನ್ನು ಸರಿಪಡಿಸುವುದು ಎಲ್ಲಕ್ಕಿಂತ ಕಷ್ಟ. ಆದ್ದರಿಂದ ಮಂಡಿಯೂರಿ ಕುಳಿತು ಬುಡದಿಂದ ನೋಡಲು ಆರಂಭಿಸಿ. ಮೇಲ್ಮಣ್ಣನ್ನು ಬೆರಳಿನಿಂದ ಸ್ವಲ್ಪ ಸರಿಸಿದಾಗ ಬೇರುಗಳು ಸುತ್ತಲೂ ಹರಡಿರುವುದು ಕಾಣಬೇಕು. ಒಂದೇ ಕಡೆಗೆ ಚಾಚಿದ, ಅಥವಾ ಕಾಂಡವನ್ನೇ ಸುತ್ತಿ ಬಿಗಿದ ಬೇರಿನ ಗಿಡ ಬೇಡ. ಕಾಂಡ ಬುಡದಲ್ಲಿ ದಪ್ಪವಾಗಿದ್ದು ಮೇಲೇರಿದಂತೆ ಸಣ್ಣದಾಗುತ್ತಾ ಹೋಗಬೇಕು. ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪವಿರುವ ಕಾಂಡ ಎಷ್ಟೇ ಬಳುಕಿದ್ದರೂ ಮರದ ಭಾವ ಕೊಡುವುದಿಲ್ಲ. ಮೊದಲ ಮುಖ್ಯ ಕೊಂಬೆ ಒಟ್ಟು ಎತ್ತರದ ಮೂರನೆಯ ಒಂದು ಭಾಗದ ಸುಮಾರಿಗೆ ಹೊರಟಿದ್ದರೆ ಮುಂದಿನ ಕೆಲಸ ಹಗುರ.

ಬಳಿಕ ಕಾಂಡವನ್ನು ಹಿಡಿದು ಮೆಲ್ಲಗೆ ಅಲುಗಿಸಿ. ಗಿಡ ಕುಂಡದಲ್ಲಿ ಸಡಿಲವಾಗಿ ಓಲಾಡಿದರೆ ಅದನ್ನು ಈಚೆಗಷ್ಟೇ ಕುಂಡಕ್ಕೆ ತುಂಬಿರಬೇಕು ಅಥವಾ ಬೇರು ಕೊಳೆತಿರಬೇಕು. ಸಂದೇಹವಿದ್ದರೆ ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ಎಳ್ಳಷ್ಟು ಕೆರೆಯಲು ಮಾಲಿಯ ಅನುಮತಿ ಕೇಳಿ. ಒಳಗೆ ಹಸಿರಿದ್ದರೆ ಜೀವವಿದೆ, ಕಂದು ಬಣ್ಣವಿದ್ದರೆ ಇಲ್ಲ. ಎಲೆಯ ಅಡಿಯಲ್ಲಿ ಹತ್ತಿಯಂತೆ ಅಂಟಿರುವ ಹಿಟ್ಟು ತಿಗಣೆ ಇದೆಯೇ ನೋಡಿ. ಫೈಕಸ್ಸಿನ ಎಲೆ ನಡುವೆ ಮಡಚಿಕೊಂಡಿದ್ದರೆ ಬಿಡಿಸಿ ನೋಡಿ, ಒಳಗೆ ಕಪ್ಪು ಥ್ರಿಪ್ಸ್ ಕೀಟಗಳಿರುವ ಸಾಧ್ಯತೆ ಹೆಚ್ಚು. ಕೊಂಬೆಗೆ ಆಕಾರ ಕೊಡಲು ತಂತಿ ಸುತ್ತಿದ್ದರೆ ಅದು ತೊಗಟೆಯೊಳಗೆ ಹೂತಿರಬಾರದು.

ಮಣ್ಣಿನ ಪರೀಕ್ಷೆಯನ್ನು ಬಿಡಬೇಡಿ. ಕುಂಡದ ಮೇಲೆ ನೀರು ಹಾಕಿಸಿ ನೋಡಿದರೆ ಅದು ಕೆಲವೇ ಕ್ಷಣಗಳಲ್ಲಿ ಕೆಳಗಿನ ತೂತಿನಿಂದ ಹರಿದುಹೋಗಬೇಕು. ತೂತೇ ಇಲ್ಲದ ಅಲಂಕಾರದ ಕುಂಡ, ಅಂಟು ಹಾಕಿ ಕೂರಿಸಿದ ಬೆಣಚುಕಲ್ಲುಗಳು, ಕೆಂಪು ಜೇಡಿಮಣ್ಣಿನ ಗಟ್ಟಿ ಮುದ್ದೆ ಇವು ಕಂಡರೆ ಮುಂದಿನ ಗಿಡಕ್ಕೆ ಹೋಗಿ. ಬರಿಯ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿದ್ದರೆ ಬೇಸಿಗೆಗೆ ನಡೆಯುತ್ತದೆ, ಆದರೆ ನಮ್ಮ ಮಳೆಗಾಲದಲ್ಲಿ ಅದು ವಾರಗಟ್ಟಲೆ ಒದ್ದೆಯಾಗಿ ಉಳಿದು ಬೇರು ಕೊಳೆಸುತ್ತದೆ.

ಇಪ್ಪತ್ತು ವರ್ಷದ ಮರ, ಮೂವತ್ತು ವರ್ಷದ ಮರ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ, ನೆಲದಲ್ಲಿ ಬೆಳೆಸಿದ ಫೈಕಸ್ ಕೆಲವೇ ವರ್ಷಗಳಲ್ಲಿ ದಪ್ಪ ಕಾಂಡ ಕಟ್ಟುತ್ತದೆ. ಸಿದ್ಧ ಬೋನ್ಸಾಯ್‌ಗೆ ಸಾವಿರಾರು ರೂಪಾಯಿ ಕೊಡುವ ಬದಲು, ಪ್ಲಾಸ್ಟಿಕ್ ಚೀಲದಲ್ಲಿ ಬೆಳೆದ, ಒಳ್ಳೆಯ ಬುಡವಿರುವ ಎಳೆಯ ಗಿಡವನ್ನು ಕೆಲವು ನೂರು ರೂಪಾಯಿಗೆ ತರುವುದು ನನಗೆ ಸರಿಯೆನಿಸುತ್ತದೆ. ಕತ್ತರಿ ಹಿಡಿಯಲು ಭಯವಾಗದು. ಫೈಕಸ್ ಕೊಳ್ಳಲು ಮೊದಲ ಮಳೆಗಳು ಬಿದ್ದ ಜೂನ್ ಉತ್ತರಾರ್ಧ, ಜೇಡ್ ಕೊಳ್ಳಲು ಮಳೆ ಪೂರ್ತಿ ಬಿಟ್ಟ ಮೇಲಿನ ನವೆಂಬರ್ ಒಳ್ಳೆಯ ಕಾಲ.

ಮನೆಗೆ ತಂದ ಮೇಲೆ

ಮೊದಲ ತಿಂಗಳು ಕುಂಡ ಬದಲಿಸುವುದು, ಕತ್ತರಿಸುವುದು, ಗೊಬ್ಬರ ಹಾಕುವುದು ಯಾವುದೂ ಬೇಡ. ಜಾಗ ಬದಲಾದ ಫೈಕಸ್ ಒಂದಿಷ್ಟು ಎಲೆ ಉದುರಿಸಿದರೆ ಗಾಬರಿಯಾಗಬೇಡಿ, ಅದಕ್ಕೆ ಹೆದರಿ ಹೆಚ್ಚು ನೀರು ಹಾಕುವುದರಿಂದಲೇ ಗಿಡ ಸಾಯುವುದು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ತಳದಿಂದ ಹರಿಯುವಷ್ಟು ನೀರು ಹಾಕಿ, ತೇವವಿದ್ದರೆ ಮರುದಿನ ನೋಡಿ. ಜೇಡ್ ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು ಕೇಳುತ್ತದೆ. ನಲ್ಲಿಯಲ್ಲಿ ಪಾಲಿಕೆಯ ಕೆರೆಯ ನೀರು ಬರುವವರಿಗೆ ಚಿಂತೆಯಿಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನು ಅವಲಂಬಿಸಿದ ಬಡಾವಣೆಗಳವರು ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟತೊಡಗಿದರೆ ಮಳೆಯ ನೀರನ್ನು ಹಿಡಿದಿಟ್ಟು ಆಗಾಗ ಹಾಕಬೇಕು. ಹೊಸ ಚಿಗುರು ಬಂದು ಅದರ ಎಲೆಗಳು ಬಲಿತು ಕಡುಹಸಿರಾದಾಗ ಗಿಡ ನಿಮ್ಮ ಕಿಟಕಿಗೆ ಒಗ್ಗಿಕೊಂಡಿದೆಯೆಂದು ತಿಳಿದು, ಆರೇಳು ಎಲೆಗಳವರೆಗೆ ಬೆಳೆದ ರೆಂಬೆಗಳನ್ನು ಎರಡು ಅಥವಾ ಮೂರು ಎಲೆಗೆ ಕತ್ತರಿಸುವುದರಿಂದ ಕೆಲಸವನ್ನು ಆರಂಭಿಸಿ.